ಅರ್ಧ ಸುತ್ತು ತಿರುಗಿದ ಬಿಲ್ಲೆ

"ಅಲಗನ್ನ ಒಳಗೆ ತಳ್ಳಿ," ಎಂದೆ.

ಸೋದರಿಯರಿಬ್ಬರಲ್ಲಿ ಅಕ್ಕನ ಕೈ ಗುಂಡಿಯ ಮೇಲಿತ್ತು. ಗುಂಡಿ ತಿರುಗಲಿಲ್ಲ.

ಗೋಡೆಯ ಗಡಿಯಾರ ಒಂದು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಮೂರಕ್ಕೆ ಮೇಲಿನ ಮಹಡಿಯಲ್ಲಿ ವಿಚಾರಣಾ ಸಮಿತಿ ಸೇರಲಿದೆ. ಸುಳ್ಳು ಫಲಿತಾಂಶ ಹೆಣೆದಳೆಂದು ಅವರ ತಂಗಿಯನ್ನು ಕೆಲಸದಿಂದ ತೆಗೆದುಹಾಕುವ ಕಾಗದ ಟೈಪಾಗಿ ಸಹಿಗೆ ಕಾದಿದೆ. ಅದು ಆಚೆ ಹೋಯಿತೆಂದರೆ ಬೇರೆ ಯಾವ ಪ್ರಯೋಗಾಲಯವೂ ಅವಳನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ.

ಆ ತಂಗಿ ನನ್ನ ಪಕ್ಕದಲ್ಲೇ, ಮುಕ್ಕಾಲು ಮುರಿದ ತಿರುಗುಕುರ್ಚಿಯಲ್ಲಿ ಕುಳಿತು ಉಗುರು ಕಚ್ಚುತ್ತಿದ್ದಳು. ಇಪ್ಪತ್ತೊಂಬತ್ತು ವಯಸ್ಸು. ಮೈಕ್ರೋಸ್ಕೋಪಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತವರು ಅವಳ ಒಡಹುಟ್ಟಿದ ಅಕ್ಕ, ಹದಿನೆಂಟು ವರ್ಷದಿಂದ ಈ ಯಂತ್ರವನ್ನು ನಡೆಸುತ್ತಿರುವವರು. ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು ಅಕ್ಕನ ಗಂಡ. ಮನೆಯ ಜಗಳ ಮನೆಯಲ್ಲೇ ಇರಲೆಂದು ಬಿಡುವಂತಿರಲಿಲ್ಲ, ಇಲ್ಲಿ ಮನೆಯೂ ಕಚೇರಿಯೂ ಒಂದೇ ಆಗಿಹೋಗಿತ್ತು.

ನಿಜ ಹೊರಗೆ ತರಲು ಸಂಸ್ಥೆಯವರು ನನ್ನನ್ನು ಕರೆಸಿ ನಾಲ್ಕು ದಿನವಾಗಿತ್ತು. ನಾನು ಖಾಸಗಿ ಪತ್ತೇದಾರ. ಅವರು ಮೊದಲು ಕೇಳಿದ್ದು ನನ್ನ ತಮ್ಮನನ್ನು, ಅವನಿಗೆ ಪುರುಸೊತ್ತಿರಲಿಲ್ಲ.

ಈ ತಮ್ಮನ ವಿಷಯ ಹೇಳಿಬಿಡುವುದು ಒಳ್ಳೆಯದು. ಅವನು ಪೊಲೀಸ್ ಅಧಿಕಾರಿ. ಬೀಗದ ಮೇಲಿನ ಗೀರು ನೋಡುವುದನ್ನು, ಸುಳ್ಳು ಹೇಳುವವರ ಮಾತಿಗೆ ತಲೆಯಾಡಿಸುತ್ತ ಕೂರುವುದನ್ನು ಅವನಿಗೆ ಕಲಿಸಿದವನು ನಾನು. ಈಗ ಅವನ ಫೋಟೊ ಪೇಪರಿನಲ್ಲಿ ಬರುತ್ತದೆ. ನಮ್ಮಮ್ಮ ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸುತ್ತಾಳೆ. ನಾನು ದಿನಾ ಬೆಳಿಗ್ಗೆ ಅದೇ ಬೀರುವಿನಿಂದ ಅಂಗಿ ತೆಗೆದುಕೊಳ್ಳಬೇಕು. ಹೀಗಾಗಿ ಹೊಟ್ಟೆಕಿಚ್ಚು ಯಾವ ಮನೆಯಲ್ಲಿದ್ದರೂ ನನಗೆ ಬೇಗ ಗೊತ್ತಾಗುತ್ತದೆ.

ಈ ಮನೆಯಲ್ಲಿ ಅದು ಗೊತ್ತಾಗಿದ್ದು ಒಂದು ಮೊಳೆಯಿಂದ.

ಪ್ರೊಫೆಸರ ಕೋಣೆಯಲ್ಲಿ, ಅವರ ಕುರ್ಚಿಯ ಎದುರಿನ ಗೋಡೆಯ ಮೊಳೆಗೆ ಒಂದು ಚಿತ್ರ ನೇತುಹಾಕಿದ್ದರು. ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಉಂಗುರ, ತಂಗಿ ತೆಗೆದದ್ದು. ಅದರ ಸುತ್ತ ಗೋಡೆಯ ಬಣ್ಣ ಒಂದಿಷ್ಟು ಅಗಲಕ್ಕೆ ಹೊಸದರಂತೆ ಉಳಿದಿತ್ತು. ಅಂದರೆ ಅಲ್ಲಿ ಮೊದಲು ಇನ್ನೂ ದೊಡ್ಡ ಚೌಕಟ್ಟು ಇತ್ತು, ಬಹಳ ವರ್ಷ ಇತ್ತು. ಆ ಚೌಕಟ್ಟು ನನಗೆ ಸಿಕ್ಕಿದ್ದು ಸಾಮಾನಿನ ಕೋಣೆಯಲ್ಲಿ, ಖಾಲಿ ಸಿಲಿಂಡರುಗಳ ಹಿಂದೆ. ಚಿನ್ನದ ಪರಮಾಣುಗಳು ಸಾಲಾಗಿ ನಿಂತ ಚಿತ್ರ. ಕೆಳಗೆ ಅಕ್ಕನ ಸಹಿ, ಹದಿನೈದು ವರ್ಷ ಹಿಂದಿನ ತಾರೀಕು.

ಉಂಗುರದ ವಿಷಯ ನನಗೆ ಅರ್ಥವಾದಷ್ಟು ಹೇಳುತ್ತೇನೆ. ತಂಗಿ ಇದನ್ನು ನನಗೆ ಮೂರು ಸಲ ಹೇಳಿದ್ದಾಳೆ, ಮೂರನೇ ಸಲ ಸ್ವಲ್ಪ ಕೋಪದಿಂದ.

ಎಲೆಕ್ಟ್ರಾನು ಅಲೆಯಾಗಿಯೂ ಹರಿಯುತ್ತದೆ. ಆ ಅಲೆಯ ದಾರಿಗೆ ಅಡ್ಡವಾಗಿ ಒಂದು ಬಿಲ್ಲೆ ಇಡುತ್ತಾರೆ, ಅಂಗಿಯ ಅತಿ ಸಣ್ಣ ಗುಂಡಿಗಿಂತಲೂ ಚಿಕ್ಕದು. ಅದರಲ್ಲಿ ಬಾಚಣಿಗೆಯ ಹಲ್ಲುಗಳ ಹಾಗೆ ಸಾಲುಸಾಲು ಸೀಳುಗಳು. ನಟ್ಟನಡುವಿನ ಒಂದು ಗೆರೆ ಮಾತ್ರ ಮೇಲೆ ಹೋಗುತ್ತ ಕವಲೊಡೆದು ಎರಡಾಗುತ್ತದೆ. ಆ ಒಂದು ಕವಲಿನ ದೆಸೆಯಿಂದ ಅಲೆ ತಿರುಚಿಕೊಂಡು, ಸ್ಕ್ರೂವಿನ ಸುತ್ತುಗಳಂತೆ ಸುತ್ತುತ್ತ ಮುಂದೆ ಸಾಗುತ್ತದೆ. ತಿರುಚಿದ ಕಿರಣದ ನಡುವೆ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಅಲ್ಲಿ ಕತ್ತಲೆ. ಹಾಗಾಗಿ ಪರದೆಯ ಮೇಲೆ ಬೀಳುವುದು ಉಂಗುರ. ನಡುವೆ ಸಾದಾ ಚುಕ್ಕೆ, ಬಲಕ್ಕೊಂದು ಉಂಗುರ, ಎಡಕ್ಕೊಂದು ಉಂಗುರ. ಎರಡೂ ನೋಡಲು ಒಂದೇ ಥರ, ಆದರೆ ಒಂದು ಬಲಕ್ಕೆ ಸುತ್ತಿದರೆ ಇನ್ನೊಂದು ಎಡಕ್ಕೆ.

ಇದರಿಂದ ಏನುಪಯೋಗ ಎಂದು ನಾನೂ ಕೇಳಿದ್ದೆ. ಕೆಲವು ಹರಳುಗಳಿಗೆ ಚಪ್ಪಲಿಗಳ ಹಾಗೆ ಬಲ ಎಡ ಎಂಬುದಿದೆಯಂತೆ. ಔಷಧದ ಹರಳಾದರೆ ಬಲದ್ದು ರೋಗ ಗುಣಪಡಿಸಿದರೆ ಎಡದ್ದು ಕೆಲಸಕ್ಕೆ ಬಾರದೆ ಹೋಗಬಹುದು. ಕಣ್ಣಿಗೇ ಕಾಣದ ಒಂದು ಚೂರು ಸಿಕ್ಕರೂ ಸಾಕು, ತಿರುಚಿದ ಕಿರಣ ಅದರ ಮೂಲಕ ಹಾದು ಅದು ಯಾವ ಕಡೆಯದು ಎಂದು ಹೇಳಿಬಿಡುತ್ತದೆ. ಕಬ್ಬಿಣದ ಕೆಲವೇ ಪರಮಾಣುಗಳ ಕಾಂತತ್ವ ಯಾವ ಕಡೆಗಿದೆ ಎಂದೂ ಹೇಳಬಲ್ಲದು. ಚಿನ್ನದ ಪುಟ್ಟ ಕಣದ ಮೇಲೆ ಬಿಟ್ಟರೆ ಕಣವೇ ಗಿರಗಿರ ತಿರುಗುತ್ತದೆ.

ತಂಗಿ ಒಂದು ಹೊಸ ಔಷಧದ ಹರಳನ್ನು ಪರೀಕ್ಷಿಸಿ ಬಲದ್ದು ಎಂದಳು. ಊರೆಲ್ಲ ಹೊಗಳಿತು. ಒಂದು ವಾರ ಕಳೆದು ಅದೇ ಯಂತ್ರ, ಅದೇ ಬಿಲ್ಲೆ, ಅದೇ ಹರಳು ಇಟ್ಟುಕೊಂಡು ಪ್ರೊಫೆಸರ ಎದುರಿಗೆ ಅಕ್ಕ ಮರುಪರೀಕ್ಷೆ ಮಾಡಿದರು. ಎಡದ್ದು ಎಂದು ಬಂತು. ತಂಗಿ ಅಂಕಿಗಳನ್ನು ತಾನೇ ಹುಟ್ಟಿಸಿದಳೆಂದು ಎಲ್ಲರೂ ತೀರ್ಮಾನಿಸಿದರು.

ನಾನು ತೀರ್ಮಾನಿಸಿದ್ದು ಬೇರೆ. ಎರಡು ಪರೀಕ್ಷೆಗಳ ನಡುವೆ ಯಾರೋ ಬಿಲ್ಲೆಯನ್ನು ಮುಟ್ಟಿದ್ದಾರೆ.

"ಮೇಡಂ," ಎಂದೆ ಅಕ್ಕನಿಗೆ. "ನನ್ನಂಥ ಹೊರಗಿನವನು ಈ ಬಿಲ್ಲೆಗೆ ತೊಂದರೆ ಕೊಡಬೇಕು ಅಂದ್ರೆ ಏನು ಮಾಡ್ತಿದ್ದೆ ಗೊತ್ತಾ? ಹಾಳೆ ಮಗುಚೋ ಹಾಗೆ ಹಿಂದುಮುಂದು ಮಗುಚಿ ಹಾಕ್ತಿದ್ದೆ."

"ಹಾಗೆ ಮಗುಚಿದ್ರೆ ಏನೂ ಆಗಲ್ಲ," ಎಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಕವಲು ಮೇಲೇ ಇರುತ್ತಲ್ಲ."

"ಅದೇ. ಏನಾದ್ರೂ ಆಗಬೇಕು ಅಂದ್ರೆ?"

ತಂಗಿಯೇ ಮೆಲ್ಲಗೆ ಹೇಳಿದಳು. "ಅರ್ಧ ಸುತ್ತು ತಿರುಗಿಸಬೇಕು. ಕವಲು ತಲೆಕೆಳಗಾಗಬೇಕು. ಆಗ ಬಲದ ಉಂಗುರ ಎಡದ್ದಾಗುತ್ತೆ, ಎಡದ್ದು ಬಲದ್ದು."

ಅದನ್ನು ತಿಳಿದವರು ಈ ಕಟ್ಟಡದಲ್ಲಿ ಮೂವರೇ, ಇವರಿಬ್ಬರು ಮತ್ತು ಪ್ರೊಫೆಸರು. ಪ್ರೊಫೆಸರು ನನಗೆ ಮೊದಲ ದಿನವೇ ನಗುತ್ತ ಹೇಳಿದ್ದರು, ತಾನು ಯಂತ್ರ ಮುಟ್ಟಿ ಹತ್ತು ವರ್ಷವಾಯಿತು, ಈಗ ಮುಟ್ಟುವುದು ಫೈಲುಗಳನ್ನು ಮಾತ್ರ ಎಂದು. ಅವತ್ತು ಉಂಗುರದ ಬಗ್ಗೆ ತಂಗಿ ಹಿಂದೆ ಬರೆದ ಲೇಖನವನ್ನೂ ತೋರಿಸಿದ್ದರು. "ನನ್ನ ಹೆಸರು ಎಲ್ಲಿದೆ ನೋಡಿ, ಕಟ್ಟಕಡೆಗೆ, ಅಡಿಟಿಪ್ಪಣಿ ಪಕ್ಕದಲ್ಲಿ," ಎಂದು ಅದಕ್ಕೂ ನಕ್ಕಿದ್ದರು. ಒಳ್ಳೆಯ ಮನುಷ್ಯ ಎಂದುಕೊಂಡು ನಾನೂ ನಕ್ಕಿದ್ದೆ.

ನಾನು ಕ್ಲೀನರಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

ಕ್ಲೀನರು ಎಂದರೆ ಪಕ್ಕದ ಕೋಣೆಯಲ್ಲಿರುವ ಒಂದು ಡಬ್ಬದಂಥ ಯಂತ್ರ. ಮೈಕ್ರೋಸ್ಕೋಪಿನೊಳಗೆ ಹೋಗುವ ಪ್ರತಿ ವಸ್ತುವನ್ನೂ ಮೊದಲು ಅದರಲ್ಲಿಟ್ಟು ಬೆರಳಿನ ಜಿಡ್ಡು, ಗಾಳಿಯ ಕೊಳೆ ಎಲ್ಲ ಸುಟ್ಟು ತೆಗೆಯುತ್ತಾರೆ. ಕೊಳೆ ಒಳಗೆ ಹೋದರೆ ಕಿರಣ ಬಿದ್ದಲ್ಲೆಲ್ಲ ಕಪ್ಪು ಕಲೆ ಕಟ್ಟುತ್ತದೆ, ಯಂತ್ರ ಹಾಳು. ಯಾರು ಬಳಸಿದರೂ ಎಷ್ಟು ನಿಮಿಷ ಎಂದು ದಾರದಲ್ಲಿ ಕಟ್ಟಿದ ಪುಸ್ತಕದಲ್ಲಿ ಬರೆಯುವುದು ಇಲ್ಲಿನ ರೂಢಿ. ತಂಗಿ ಬರೆದ ಕಡೆಯೆಲ್ಲ ಐದು ನಿಮಿಷ. ಅಕ್ಕ ಬರೆದ ಕಡೆಯೆಲ್ಲ ಹನ್ನೆರಡು. ಐದು ಸಾಕು ಎಂದು ತಂಗಿ, ಐದಕ್ಕೆ ಬೆರಳಿನ ಗುರುತೂ ಹೋಗುವುದಿಲ್ಲ ಎಂದು ಅಕ್ಕ. ಈ ವಾದ ವರ್ಷಗಳಿಂದ ನಡೆದಿದೆ.

ಪುಸ್ತಕಕ್ಕೆ ಸುಳ್ಳು ಹೇಳಬಹುದು, ಬರೆಯದೆ ಬಿಡಬಹುದು. ಕ್ಲೀನರಿನ ಹಿಂಬದಿಗೆ ಒಂದು ಮೀಟರಿದೆ, ಅದು ತನ್ನ ಪಾಡಿಗೆ ನಿಮಿಷ ಎಣಿಸುತ್ತದೆ. ಈ ತಿಂಗಳ ಲೆಕ್ಕ ಕೂಡಿಸಿದಾಗ ಪುಸ್ತಕಕ್ಕಿಂತ ಮೀಟರಿನಲ್ಲಿ ಇಪ್ಪತ್ತನಾಲ್ಕು ನಿಮಿಷ ಹೆಚ್ಚಿತ್ತು.

"ಐದರಿಂದ ಇಪ್ಪತ್ತನಾಲ್ಕು ಬರಲ್ಲ ಮೇಡಂ," ಎಂದೆ. "ಹನ್ನೆರಡರಿಂದ ಬರುತ್ತೆ. ಬಿಲ್ಲೆ ತಿರುಗಿಸಿದವರು ಕದ್ದು ಮಾಡೋ ಕೆಲಸದಲ್ಲೂ ಅದನ್ನ ಹಾಗೇ ಕೊಳಕಾಗಿ ಒಳಗೆ ಹಾಕಲಿಲ್ಲ. ಮನಸ್ಸು ಬರಲಿಲ್ಲ ಅವರಿಗೆ. ಶನಿವಾರ ಯಂತ್ರ ತೆರೆದು ಒರೆಸೋ ದಿನ, ಅವತ್ತು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಹನ್ನೆರಡು ನಿಮಿಷ ಅಂತ ಕೂತ್ಕೊಂಡು ಶುದ್ಧ ಮಾಡಿಯೇ ಒಳಗಿಟ್ರು. ತಂಗಿ ಮೇಲೆ ಎಷ್ಟೇ ಕೋಪ ಇರಲಿ, ಯಂತ್ರದ ಮೇಲೆ ಕೋಪ ಇರಲಿಲ್ಲ."

ನಾನು ಸಾಮಾನಿನ ಕೋಣೆಯಿಂದ ತಂದಿದ್ದ ಚೌಕಟ್ಟನ್ನು ಮೇಜಿಗೆ ಒರಗಿಸಿದೆ. ಚಿನ್ನದ ಸಾಲುಗಳ ಮೇಲೆ ಧೂಳು ಕೂತಿತ್ತು. ಅಕ್ಕ ಒಂದು ಸಲ ನೋಡಿ, ತಮ್ಮ ಕೈವಸ್ತ್ರ ತೆಗೆದು ಗಾಜನ್ನು ಒರೆಸಿದರು.

ಆಮೇಲೆ ಅವರು ಹೇಳತೊಡಗಿದರು. ತಂಗಿಯ ಕಡೆ ತಿರುಗದೆ, ಗಾಜನ್ನು ಒರೆಸುತ್ತಲೇ ಹೇಳಿದರು.

"ಪರಮಾಣು ಕಾಣಬೇಕು ಅಂದ್ರೆ ಅದು ಅಲ್ಲಾಡಬಾರದು ಸರ್. ಇದೊಂದು ಚಿತ್ರಕ್ಕೆ ಎಂಟು ತಿಂಗಳು ಹಿಡೀತು. ಲಿಫ್ಟ್ ಓಡಿದ್ರೂ ಹಾಳಾಗೋದು. ನಾನು ಚಿನ್ನನ ನಿಲ್ಲಿಸೋದಕ್ಕೆ ಅಷ್ಟು ಒದ್ದಾಡಿದೆ. ಇವಳು ಬಂದ್ಳು, ಆ ಉಂಗುರ ಬಿಟ್ಟು ಅದನ್ನ ಗಿರಗಿರ ತಿರುಗಿಸಿ ಆಟ ಆಡಿದ್ಳು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಮ್ಮನೆಯವರು ಎದ್ದು ನಿಂತು ತಟ್ಟಿದ್ರು."

"ಅಕ್ಕ," ಎಂದಳು ತಂಗಿ.

"ನೀನು ಸುಮ್ನಿರು. ಇವಳಿಗೆ ಕಿರಣ ಫೋಕಸ್ ಮಾಡೋದನ್ನ ಕೈ ಹಿಡಿದು ಕಲಿಸಿದ್ದು ನಾನು. ಊಟಕ್ಕೆ ಕೂತ್ರೆ ಉಂಗುರದ ಮಾತು, ಎದ್ರೆ ಉಂಗುರದ ಮಾತು. ಅವರ ಕೋಣೆಗೆ ಒಂದಿನ ಹೋದೆ, ನನ್ನ ಚಿನ್ನ ಇರಲಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ, ಹೊಸದಕ್ಕೆ ಜಾಗ ಬೇಕಿತ್ತು ಅಂದ್ರು." ಅವರು ಕೈವಸ್ತ್ರ ಮಡಚಿದರು. "ಹೌದು, ನಾನೇ ತಿರುಗಿಸಿದೆ. ಇವಳು ಹರಳು ಬಲದ್ದು ಅಂದ ವಾರ, ಶನಿವಾರ ಮಧ್ಯಾಹ್ನ. ಹೊಟ್ಟೆ ಉರೀತಿತ್ತು ನನಗೆ. ಒಂದು ಸಲ ಇವಳದ್ದೂ ತಪ್ಪಾಗಲಿ ಅನ್ನಿಸ್ತು, ಅಷ್ಟೇ. ಕೆಲಸ ಹೋಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

ತಂಗಿ ಅಳಲಿಲ್ಲ. ಅಕ್ಕನನ್ನೇ ನೋಡುತ್ತ ಕುಳಿತಿದ್ದಳು. ಅವಳ ಮುಖ ನೋಡಿದರೆ ನನ್ನ ತಮ್ಮನಿಗೆ ನನ್ನ ಹೊಟ್ಟೆಕಿಚ್ಚು ಗೊತ್ತಾಗುವ ದಿನ ಅವನ ಮುಖ ಹೇಗಿರಬಹುದು ಎನ್ನಿಸಿ, ನಾನು ಬೇರೆ ಕಡೆ ನೋಡಿದೆ.

ಕೇಸು ಮುಗಿಯಿತು ಎಂದು ನನ್ನ ಎದೆ ಉಬ್ಬಿತ್ತು, ಮುಚ್ಚಿಡುವುದೇನು. ಮೂರು ಗಂಟೆಗೆ ಸಮಿತಿಯ ಮುಂದೆ ನಿಂತು ಹೇಳುವ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಸಾಕ್ಷಿಗಾಗಿ ಇನ್ನೊಂದೇ ಕೆಲಸ ಉಳಿದಿತ್ತು.

ಬಿಲ್ಲೆಯನ್ನು ಹೊರಗೆ ತೆಗೆದರೆ ಒಳಗಿನ ನಿರ್ವಾತ ಹೋಗಿ ಯಂತ್ರ ನಾಳೆಯವರೆಗೆ ಏಳುವುದಿಲ್ಲ. ಕಿರಣದಿಂದಲೇ ನೋಡಬೇಕು. ಉಂಗುರ ಎಷ್ಟು ಹೊತ್ತು ನೋಡಿದರೂ ಯಾವ ಕಡೆ ಸುತ್ತುತ್ತಿದೆ ಎಂದು ಹೇಳುವುದಿಲ್ಲ. ಆದರೆ ಒಂದು ಚೂಪಾದ ಅಲಗನ್ನು ಅಡ್ಡ ತಂದು ಉಂಗುರದ ಅರ್ಧ ಮುಚ್ಚಿ, ಫೋಕಸ್ಸನ್ನು ಮೆಲ್ಲಗೆ ಬದಲಿಸಿದರೆ, ಉಳಿದ ಅರ್ಧ ತನ್ನ ಸುತ್ತಿನ ದಿಕ್ಕಿಗೇ ಹೊರಳುತ್ತದೆ. ಬಿಲ್ಲೆ ಮಾಡಿದ ದಿನ ತಂಗಿ ಈ ಪರೀಕ್ಷೆ ಮಾಡಿ ಬರೆದಿಟ್ಟಿದ್ದಳು. ಬಲದ ಉಂಗುರ, ಗಡಿಯಾರದ ಮುಳ್ಳು ಹೋಗುವ ದಿಕ್ಕು. ಈಗ ಅದು ತದ್ವಿರುದ್ಧ ಹೊರಳಬೇಕು. ಹೊರಳಿದರೆ ತಂಗಿಯ ಕೆಲಸ ಉಳಿಯುತ್ತದೆ.

ಅಕ್ಕ ಈಗ ತಾವಾಗಿಯೇ ಗುಂಡಿ ತಿರುಗಿಸಿದರು. ಪರದೆಯ ಮೇಲೆ ಬಲದ ಉಂಗುರದ ಮೇಲ್ಭಾಗ ಕಪ್ಪಾಗುತ್ತ ಬಂದು ಅರ್ಧ ಉಂಗುರ ಉಳಿಯಿತು. ಅವರು ಫೋಕಸ್ಸಿನ ಗುಂಡಿಗೆ ಕೈ ಹಾಕಿದರು. ಅರ್ಧ ಉಂಗುರ ನಿಧಾನವಾಗಿ ಹೊರಳಿತು.

ಗಡಿಯಾರದ ದಿಕ್ಕಿಗೆ ಹೊರಳಿತು.

"ಇನ್ನೊಂದು ಸಲ," ಎಂದಳು ತಂಗಿ.

ಇನ್ನೊಂದು ಸಲವೂ ಅದೇ ಆಯಿತು. ಬಿಲ್ಲೆ ಸರಿಯಾಗಿಯೇ ಕೂತಿದೆ. ಕವಲು ಮೇಲೇ ಇದೆ.

ನನ್ನ ಮಂದಬುದ್ಧಿಗೆ ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಅದನ್ನು ಅರ್ಧ ಸುತ್ತು ತಿರುಗಿಸಿದ್ದು ನಿಜ. ತಿರುಗಿಸಿದ ಮೇಲೆ ಅದು ಸರಿಯಾಗಿದೆ ಎಂದರೆ, ಅವರು ಮುಟ್ಟುವ ಮೊದಲೇ ಅದು ತಲೆಕೆಳಗಾಗಿತ್ತು. ಹೊಟ್ಟೆಕಿಚ್ಚಿನಿಂದ ತಪ್ಪು ಮಾಡಲು ಹೋಗಿ ಅಕ್ಕ ತಪ್ಪನ್ನು ತಿದ್ದಿಬಿಟ್ಟಿದ್ದರು. ಮರುಪರೀಕ್ಷೆಯೇ ನಿಜ. ಹರಳು ಎಡದ್ದು. ತಂಗಿಯ ಹೆಸರು ಎತ್ತಿ ಹಿಡಿದ ಆ ಫಲಿತಾಂಶವೇ ಸುಳ್ಳು.

ಅಕ್ಕನಿಗೆ ಇದು ನನಗಿಂತ ಮೊದಲೇ ಹೊಳೆದಿತ್ತು. ಒಂದು ಕ್ಷಣ ಅವರ ಮುಖದಲ್ಲಿ ಸಂತೋಷ ಸುಳಿದು ಹೋಯಿತು. ನಾನು ನೋಡಿದೆ, ತಂಗಿಯೂ ನೋಡಿದಳು. ತಂಗಿ ನೋಡಿದ್ದು ಗೊತ್ತಾಗಿ ಅಕ್ಕ ತಲೆ ತಗ್ಗಿಸಿದರು.

"ನಾನು ಬಿಲ್ಲೆ ಮುಟ್ಟಿಲ್ಲ," ಎಂದಳು ತಂಗಿ. "ಪರೀಕ್ಷೆ ಮಾಡಿ ಒಳಗಿಟ್ಟ ಮೇಲೆ ಮುಟ್ಟೇ ಇಲ್ಲ."

ನಾನು ಅಕ್ಕನನ್ನು ಕೇಳಿದೆ. "ನೀವು ಕ್ಲೀನರ್ ಎಷ್ಟು ಸಲ ಓಡಿಸಿದ್ರಿ?"

"ಒಂದೇ ಸಲ. ಹನ್ನೆರಡು ನಿಮಿಷ."

ಉಳಿದ ಹನ್ನೆರಡು ನಿಮಿಷ ಹಾಗಾದರೆ ಬೇರೆಯವರದು. ಅದು ತಂಗಿಯ ಪರೀಕ್ಷೆಗೆ ಮುಂಚಿನ ಶನಿವಾರದ್ದಾಗಿರಬೇಕು, ಬಿಲ್ಲೆ ಒಳಗೆ ಹೋದ ಮೇಲೆ ಆ ಪರೀಕ್ಷೆಯ ತನಕ ಯಂತ್ರ ತೆರೆದಿದ್ದು ಅವತ್ತು ಮಾತ್ರ. ಆ ಶನಿವಾರ ಅಕ್ಕ ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ತಂಗಿ ಬೆಳಿಗ್ಗೆ ಯಂತ್ರ ತೆರೆದು, ಊಟಕ್ಕೆ ಹೋಗಿ, ಸಂಜೆ ಬಂದು ಮುಚ್ಚಿದ್ದಳು. ನಡುವೆ ಕೋಣೆ ಖಾಲಿಯಿತ್ತು. ಕೋಣೆಯ ಬೀಗದಕೈ ಮೂರು. ಒಂದು ತಂಗಿಯದು. ಇನ್ನೆರಡು ಅಕ್ಕನ ಮನೆಯಲ್ಲಿ ಒಂದೇ ಕೊಕ್ಕೆಗೆ ನೇತಾಡುತ್ತವೆ.

"ಹನ್ನೆರಡು ನಿಮಿಷದ ಅಭ್ಯಾಸ ನೀವು ಯಾರ್ಯಾರಿಗೆ ಕಲಿಸಿದ್ದೀರಿ?"

"ಇಬ್ಬರಿಗೆ," ಎಂದರು ಅಕ್ಕ. "ಇವಳಿಗೆ ಕಲಿಸಿದೆ, ಇವಳು ಕಲೀಲಿಲ್ಲ. ಇನ್ನೊಬ್ಬರಿಗೆ..."

ಪಕ್ಕದ ಕೋಣೆಯಲ್ಲಿ ಕ್ಲೀನರಿನ ಪಂಪು ಗುಂಯ್ ಎಂದು ಶುರುವಾಯಿತು.

ಮೂವರೂ ಒಟ್ಟಿಗೆ ಗಡಿಯಾರ ನೋಡಿದೆವು. ಒಂದು ಮೂವತ್ತೆಂಟು.

ಯಾರೂ ಎದ್ದು ಹೋಗಲಿಲ್ಲ. ನಾನು ಎದ್ದರೆ ಒಳಗಿರುವವರು ನಿಲ್ಲಿಸಿಬಿಡಬಹುದು, ಆಮೇಲೆ ನಿಮಿಷ ಗೊತ್ತಾಗುವುದಿಲ್ಲ. ಒಂದು ನಲವತ್ಮೂರಕ್ಕೆ ತಂಗಿ ಪಿಸುಗುಟ್ಟಿದಳು, ತಾನಾಗಿದ್ದರೆ ಈಗ ನಿಲ್ಲಿಸುತ್ತಿದ್ದೆ ಎಂದು. ಪಂಪು ನಿಲ್ಲಲಿಲ್ಲ. ಅಕ್ಕ ಚಿತ್ರದ ಚೌಕಟ್ಟನ್ನು ಮಡಿಲಿಗೆಳೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಳಿತರು. ನಲವತ್ತೈದು. ನಲವತ್ತೆಂಟು. ನಿಂತುಬಿಡಲಿ ಎಂದು ಅವರು ಬೇಡಿಕೊಳ್ಳುತ್ತಿದ್ದದ್ದು ಅವರ ತುಟಿಯಲ್ಲಿ ಕಾಣುತ್ತಿತ್ತು.

ಒಂದು ಐವತ್ತಕ್ಕೆ ಪಂಪು ನಿಂತಿತು.

ಬಾಗಿಲು ತೆರೆದು ಪ್ರೊಫೆಸರು ಒಳಗೆ ಬಂದರು. ಕೈಗೆ ತೆಳು ಗ್ಲೌಸು, ಕೈಯಲ್ಲಿ ಹರಳು ಸಿಕ್ಕಿಸಿದ ಹೋಲ್ಡರು. ಹತ್ತು ವರ್ಷದಿಂದ ಯಂತ್ರ ಮುಟ್ಟದವರು ಅದನ್ನು ಎಷ್ಟು ಹಗುರವಾಗಿ, ಎಷ್ಟು ಸರಿಯಾಗಿ ಹಿಡಿದಿದ್ದರು. ಸಮಿತಿಯವರು ಕಣ್ಣಾರೆ ನೋಡಬೇಕಂತೆ, ಬೇಗ ಬರುತ್ತಿದ್ದಾರೆ, ಲಿಫ್ಟಿನ ಹತ್ತಿರ ಇದ್ದಾರೆ ಎಂದರು. ಅಕ್ಕನ ಮಡಿಲಿನ ಚೌಕಟ್ಟು ನೋಡಿ, ಇದೇನು ಎಂದು ಕೇಳಿದರು.

ಅಕ್ಕ ಎದ್ದು ನಿಂತರು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬರ್ಕೊಳ್ಳಿ ಸರ್. ಬಿಲ್ಲೆ ಎರಡು ಸಲವೂ ತಿರುಗಿಸಿದ್ದು ನಾನೇ. ಇಪ್ಪತ್ತನಾಲ್ಕು ನಿಮಿಷವೂ ನನ್ನದೇ."

"ಅಕ್ಕ, ಆ ಶನಿವಾರ ನಿನಗೆ ಜ್ವರ ಇತ್ತು," ಎಂದಳು ತಂಗಿ.

ಅಕ್ಕ ಅವಳ ಮಾತಿಗೆ ಕಿವಿಗೊಡಲಿಲ್ಲ. ಗಂಡನೇನು ಹೇಳುತ್ತಾರೆ ಎಂದು ಕಾಯುತ್ತಿದ್ದರು. ಒಂದು ಮಾತು, ಇಲ್ಲ ಅವಳಲ್ಲ ಎನ್ನುವ ಒಂದು ಮಾತು ಅವರಿಗೆ ಬೇಕಾಗಿತ್ತು. ಇಷ್ಟು ವರ್ಷದ ಸಂಸಾರಕ್ಕೆ ಅಷ್ಟು ಕೇಳುವುದು ಹೆಚ್ಚೇನಲ್ಲ.

ಪ್ರೊಫೆಸರು ಹೋಲ್ಡರನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಗ್ಲೌಸನ್ನು ಒಂದೊಂದೇ ಬೆರಳಿನಿಂದ ಕಳಚಿದರು.

"ನನಗೂ ಅನುಮಾನ ಇತ್ತು," ಎಂದರು. "ತಂಗಿ ಮೇಲೆ ಇವಳಿಗೆ ಮೊದಲಿಂದಲೂ ಹೊಟ್ಟೆಕಿಚ್ಚು. ಆ ಶನಿವಾರ ಜ್ವರ ಅಂತ ಹೇಳಿ ಇವಳು ಇಲ್ಲಿಗೇ ಬಂದಿದ್ಲು ಅನ್ಸುತ್ತೆ."

ನಾನು ನನ್ನ ನೋಟ್‌ಬುಕ್ಕಿನ ಮೂರನೇ ಪುಟ ತಿರುಗಿಸಿದೆ. ಆ ಶನಿವಾರ ಇಡೀ ದಿನ ತಾನು ಹೆಂಡತಿಯ ಹಾಸಿಗೆಯ ಪಕ್ಕದಿಂದ ಏಳಲೇ ಇಲ್ಲ, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದೆ ಎಂದು ಪ್ರೊಫೆಸರು ನನಗೆ ಹೇಳಿ ಸಹಿ ಮಾಡಿದ್ದು ಅಲ್ಲಿತ್ತು.

ಹೊರಗೆ ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಅಕ್ಕ ನನ್ನ ಕೈಯಿಂದ ನೋಟ್‌ಬುಕ್ಕನ್ನು ಕಿತ್ತುಕೊಂಡು, ಆ ಪುಟ ಓದಿ, ಅದನ್ನು ಹರಿದು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡು, "ಇದನ್ನ ಸಮಿತಿಗೆ ನಾನೇ ಕೊಡ್ತೀನಿ," ಎಂದರು.